ಘಾಟಿಯಲ್ಲಿ ನಿಂತ ಲಾರಿ

"ಇದನ್ನ ನಿಮಗೆ ಮಾರಲ್ಲ!"

ಹಾಗೆ ಅಂದುಬಿಟ್ಟ ಮೇಲೆ ಬೇಗಾಯಿಮ್‌ಗೇ ಗಾಬರಿಯಾಯಿತು. ಬಿಶ್ಕೆಕ್‌ನ ಕಂಪ್ಯೂಟರ್ ಬಜಾರಿನಲ್ಲಿ ಅಂಗಡಿ ಹಾಕಿದಾಗಿನಿಂದ ಒಬ್ಬ ಗಿರಾಕಿಗೂ ಅವಳು ಇಂಥ ಮಾತು ಆಡಿದ್ದಿಲ್ಲ.

ಎದುರಿಗಿದ್ದವನು ಎತ್ತರದ ಆಳು. ಮೊಣಕಾಲುದ್ದದ ಬೂಟು, ಬೂಟಿನ ತುಂಬಾ ಕೆಸರು, ಕೋಟಿನ ಜೇಬಲ್ಲಿ ಸ್ಟೆತಾಸ್ಕೋಪು, ಮೈಯಿಂದ ಕುದುರೆ ಲಾಯದ ವಾಸನೆ. ಬಂದ ಕೂಡಲೇ "ಅಂಗಡಿಯವರು ಎಲ್ಲಿ?" ಎಂದು ಕೇಳಿದ್ದ. "ನಾನೇ" ಎಂದರೆ ಅವಳ ಬೆನ್ನ ಹಿಂದೆ ಇಣುಕಿ ನೋಡಿದ್ದ! ಆಗಲೇ ಅವಳಿಗೆ ಒಳಗೊಳಗೇ ಉರಿ ಹತ್ತಿತ್ತು.

"ಯಾಕೆ ಮಾರಲ್ಲ?" ಅವನ ಹುಬ್ಬು ಗಂಟಾಯಿತು.

"ನಿಮ್ಮ ಕಂಪ್ಯೂಟರ್ ಯಾವ ಕಾಲದ್ದು ಅಂತ ನೀವೇ ಹೇಳಿದ್ರಲ್ಲ. ಆಟದಲ್ಲಿ ಯಾವ ಗಾಡಿ ಎಲ್ಲಿಗೆ ಹೋಗ್ಬೇಕು, ಯಾವ ತಿರುವಲ್ಲಿ ಏನಾಗ್ಬೇಕು ಅಂತ ಲೆಕ್ಕ ಹಾಕೋದು ಪ್ರೊಸೆಸರ್. ಅದು ಹೇಳಿದ್ದನ್ನ ಚಿತ್ರ ಬಿಡಿಸೋದಷ್ಟೇ ಗ್ರಾಫಿಕ್ಸ್ ಕಾರ್ಡ್ ಕೆಲಸ. ನಿಮ್ಮ ಪ್ರೊಸೆಸರ್‌ಗೆ ವಯಸ್ಸಾಗಿದೆ. ಅದು ಲೆಕ್ಕ ಮುಗಿಸೋ ತನಕ ಇಷ್ಟು ದೊಡ್ಡ ಕಾರ್ಡ್ ಆಕಳಿಸ್ತಾ ಕೂತಿರುತ್ತೆ. ಅದರ ಬದಲು ಈ ಚಿಕ್ಕದು ತಗೊಳ್ಳಿ..."

ಅವಳು ಮುಂದಿಟ್ಟ ಹಳೆಯ ಕಾರ್ಡನ್ನು ಅವನು ಮುಟ್ಟಲೂ ಇಲ್ಲ.

"ನನ್ನ ಬೂಟು ನೋಡಿ ತೀರ್ಮಾನ ಮಾಡಿದ್ರಾ? ಇವನ ಯೋಗ್ಯತೆಗೆ ಇಷ್ಟೇ ಸಾಕು ಅಂತ?"

"ಅಯ್ಯೋ, ನಾನು ಹಾಗೆಲ್ಲ..."

"ಬಿಡಿ. ಬಜಾರಲ್ಲಿ ಬೇರೆ ಅಂಗಡಿ ಇದಾವೆ!"

ಅವನು ದಡದಡನೆ ಮೆಟ್ಟಿಲಿಳಿದು ಹೋದ.

ಪಕ್ಕದಲ್ಲಿ ಚಾರ್ಜರ್ ಮಾರುವ ಜಮೀರಾ ಅಕ್ಕ ಕತ್ತು ಚಾಚಿದಳು. "ಯಾರೇ ಅದು? ನಿನ್ನ ಮುಖ ಟೊಮೆಟೊ ಆಗಿದೆಯಲ್ಲ!"

"ಯಾರೋ ಕುದುರೆ ಡಾಕ್ಟರು. ಒಳ್ಳೇದಕ್ಕೆ ಹೇಳಿದ್ರೆ ಹೆಗಲೇರಿ ಕೂರ್ತಾರೆ."

"ಡಾಕ್ಟರು ಅಂತಲೂ ತಿಳ್ಕೊಂಡ್ಯಾ? ಹೂಂ... ಹೂಂ..."

"ಸುಮ್ನಿರಕ್ಕಾ!"

ಆದರೆ ಮನಸ್ಸು ಸುಮ್ಮನಿರಬೇಕಲ್ಲ. ಸಿಟ್ಟಿಗೆದ್ದಾಗ ಅವನ ಕಣ್ಣಲ್ಲಿ ಇದ್ದದ್ದು ಬರೀ ಸಿಟ್ಟಾಗಿರಲಿಲ್ಲ. ಏನನ್ನೋ ಕಳೆದುಕೊಳ್ಳುವ ಭಯ ಅದು. ‘ಯಾರಿಗೆ ಬೇಕು ಅಂತ ಒಂದು ಮಾತು ಕೇಳಬಹುದಿತ್ತಲ್ಲ ನಾನು...’ ಎಂದು ಅವಳು ಎಷ್ಟೋ ಸಲ ಅಂದುಕೊಂಡಳು.

ಹಿಮ ಕರಗಿ ಬೀದಿಯೆಲ್ಲ ರಾಡಿಯಾಗಿದ್ದ ಒಂದು ಬೆಳಿಗ್ಗೆ ಅವಳ ಅಂಗಡಿಗೆ ಒಬ್ಬ ಮುದುಕ ಬಂದ. ತಲೆಯ ಮೇಲೆ ಬಿಳಿ ಕಲ್ಪಾಕ್ ಟೋಪಿ, ಕೈಯಲ್ಲಿ ಊರುಗೋಲು. ಎಡಗಾಲು ಎಳೆಯುತ್ತಿದ್ದ. ಮೆಟ್ಟಿಲು ಹತ್ತಿದ ದಣಿವಿಗೆ ಏದುಸಿರು ಬಿಡುತ್ತಿದ್ದ. ಜಮೀರಾ ಅಕ್ಕ ಓಡಿಬಂದು ಸ್ಟೂಲು ಹಾಕಿದಳು, ಪಿಂಗಾಣಿ ಬಟ್ಟಲಲ್ಲಿ ಚಹಾ ಕೊಟ್ಟಳು.

"ನನ್ನ ಮಗ ಸಿರ್ಗಾಕ್ ಜೊತೆ ಜಗಳ ಆಡಿದ ಹುಡುಗಿ ನೀನೇನಾ?"

ಬೇಗಾಯಿಮ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಜಗಳ ಅಲ್ಲ ಅಪ್ಪಾ... ನಾನು..."

"ನೀನು ಹೇಳಿದ್ದೇ ಸರಿ ಮಗಳೇ. ಬೇರೆ ಕಡೆಯಿಂದ ಆ ದೊಡ್ಡ ಕಾರ್ಡೇ ತಂದು ಹಾಕಿದ. ಬೆಟ್ಟ ಎಷ್ಟು ಚೆಂದ ಕಾಣುತ್ತೆ ಅಂತೀಯಾ, ಒಂದೊಂದು ಕಲ್ಲೂ ಎಣಿಸಬಹುದು! ಆದ್ರೆ ಘಾಟಿ ಹತ್ತೋವಾಗ ಲಾರಿ ತಡತಡ ಅಂತ ನಿಂತೇಬಿಡುತ್ತೆ."

ಮುದುಕ ತೊಕ್ತೊಸುನ್ ಎಲ್ಲ ಕಥೆ ಹೇಳಿದ. ಹರೆಯದಿಂದ ಬಿಶ್ಕೆಕ್–ಓಶ್ ರಸ್ತೆಯಲ್ಲಿ ಲಾರಿ ಓಡಿಸಿದವನು ಅವನು. ಲಕ್ವ ಹೊಡೆದ ಮೇಲೆ ಲಾರಿ ಹೋಯಿತು, ಅದರ ಹಿಂದೆ ಮಾತೂ ಹೋಯಿತು. ಕಿಟಕಿ ಪಕ್ಕ ಕಲ್ಲಿನ ಹಾಗೆ ಕೂತಿರುತ್ತಿದ್ದ. ಲಾರಿ ಓಡಿಸುವ ಆಟವೊಂದಕ್ಕೆ ಯಾರೋ ಹುಡುಗರು ಅದೇ ರಸ್ತೆಯ ನಕ್ಷೆ ಮಾಡಿದ್ದಾರೆಂದು ತಿಳಿದು, ಸಿರ್ಗಾಕ್ ಅದನ್ನು ಮನೆಯ ಹಳೇ ಕಂಪ್ಯೂಟರಿಗೆ ಹಾಕಿಕೊಟ್ಟ. ಮೊದಲ ದಿನ ಸ್ಟೀರಿಂಗ್ ಹಿಡಿದ ಮುದುಕ ಬಾಯಿಬಿಟ್ಟು ಅಂದದ್ದು ಒಂದೇ ಮಾತು: "ಈ ತಿರುವಲ್ಲಿ ಹಾರ್ನ್ ಹೊಡೀಬೇಕು." ಅಲ್ಲಿಂದ ಮಾತು ಸ್ವಲ್ಪಸ್ವಲ್ಪವೇ ಮರಳಿತು; ಆದರೆ ಆಟ ಘಾಟಿಯಲ್ಲಿ ನಿಂತುಬಿಡುತ್ತಿತ್ತು, ಅದಕ್ಕೇ ಮಗ ಕಾರ್ಡ್ ಹುಡುಕಿ ಹೊರಟದ್ದು.

"ಹೊಸ ಕಂಪ್ಯೂಟರ್ ಪೆಟ್ಟಿಗೆಯನ್ನೇ ತರ್ತೀನಿ ಅಂದ ಮಗ. ನಾನೇ ಬೇಡ ಅಂದೆ. ನಡೀತಿರೋ ಯಂತ್ರಾನ ಮುದಿಯಾಯ್ತು ಅಂತ ಬಿಸಾಕಿದ್ರೆ... ನಾಳೆ ನನ್ನನ್ನೂ?"

ಬೇಗಾಯಿಮ್‌ಳ ಕಣ್ಣು ತುಂಬಿಬಂತು.

"ಅಳ್ಬೇಡ. ಚಳಿಗಾಲ ಪೂರ್ತಿ ನಾನು ಹೊಸಿಲು ದಾಟಿರ್ಲಿಲ್ಲ. ಇವತ್ತು ಒಬ್ಬನೇ ವ್ಯಾನ್ ಹತ್ತಿ ಬಂದೆ. ದಿನಾ ಊಟದ ಹೊತ್ತಿಗೆ ‘ಆ ಬಜಾರಿನ ಹುಡುಗಿಗೆ ಎಷ್ಟು ಸೊಕ್ಕು’ ಅಂತಾನೆ ನನ್ನ ಮಗ. ದಿನಾ ಬೈಸ್ಕೊಳ್ಳೋ ಹುಡುಗಿ ಹೇಗಿದ್ದಾಳೆ ನೋಡ್ಬೇಕು ಅನ್ನಿಸ್ತು."

ಜಮೀರಾ ಅಕ್ಕ ಕಿಸಕ್ಕೆಂದಳು. ಬೇಗಾಯಿಮ್ ತಲೆ ಎತ್ತಲಿಲ್ಲ.

ಭಾನುವಾರ ಅವಳು ಅವರ ಮನೆ ಬಾಗಿಲು ತಟ್ಟಿದಳು. ತೆರೆದವನು ಸಿರ್ಗಾಕ್. ಕೈಯೆಲ್ಲ ಹಿಟ್ಟು!

"ನೀವಾ...?"

"ಅಪ್ಪ ಕರೆದಿದ್ರು. ಅಂಗಡಿಯವರು ಎಲ್ಲಿ ಅಂತ ಹಿಂದೆ ಹುಡುಕ್ಬೇಡಿ, ನಾನೊಬ್ಬಳೇ ಬಂದಿರೋದು."

ಅವನ ಕಿವಿ ಕೆಂಪಾಯಿತು. ಬದಿಗೆ ಸರಿದು ದಾರಿ ಬಿಟ್ಟ.

ಒಳಗೆ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುವ ಎಣ್ಣೆಯ ಘಮ. ಬೇಗಾಯಿಮ್ ಪೆಟ್ಟಿಗೆ ಬಿಚ್ಚಿ ನೋಡಿದಳು. ಥಳಥಳಿಸುವ ಕಾರ್ಡ್, ಪಕ್ಕದಲ್ಲಿ ಧೂಳು ಹಿಡಿದ ಪ್ರೊಸೆಸರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ನಗು ಬಂದರೂ ನುಂಗಿಕೊಂಡಳು.

"ಇದೇ ಬೋರ್ಡಿಗೆ ಕೂರೋ ಪ್ರೊಸೆಸರ್ ತಂದಿದ್ದೀನಿ. ಅದೇ ತಲೆಮಾರಿಂದು, ಆದ್ರೆ ಇದಕ್ಕಿಂತ ಗಟ್ಟಿ. ಸೆಕೆಂಡ್ ಹ್ಯಾಂಡು. ಪೆಟ್ಟಿಗೆ ಬದಲಾಯಿಸೋದು ಬೇಡ ಅಪ್ಪಾ."

"ಹಾಗಾದ್ರೆ ಆಗ್ಲಿ!" ತೊಕ್ತೊಸುನ್ ಒಪ್ಪಿದ.

ಹಳೆಯದನ್ನು ಎತ್ತಿ, ಜಾಗ ಒರೆಸಿ, ತಂದದ್ದನ್ನು ಕೂರಿಸಿದಳು. ಕುದುರೆಯ ಮುರಿದ ಕಾಲು ಕಟ್ಟುವ ಸಿರ್ಗಾಕ್ ಅವಳಿಗೆ ಟಾರ್ಚು ಹಿಡಿದು ನಿಂತ.

ಆಟ ಶುರುವಾಯಿತು. ಘಾಟಿಯ ಬುಡದಲ್ಲಿ ಲಾರಿ ಒಂದು ಸಲ ಮುಗ್ಗರಿಸಿತು. ಮೂವರೂ ಪರದೆಯತ್ತ ಬಾಗಿದರು.

"ಒಂದ್ನಿಮಿಷ... ರಸ್ತೆ ಮೇಲೆ ಬೇರೆ ಗಾಡಿಗಳು ಜಾಸ್ತಿ ಇದಾವೆ. ಅವುಗಳ ಲೆಕ್ಕವೆಲ್ಲ ಪ್ರೊಸೆಸರ್ ತಲೆ ಮೇಲೆ. ಸ್ವಲ್ಪ ಕಡಿಮೆ ಮಾಡ್ಲಾ ಅಪ್ಪಾ?"

"ಮಾಡು ಮಗಳೇ. ನಾನು ಓಡಿಸೋ ಕಾಲಕ್ಕೆ ಆ ಘಾಟೀಲಿ ಯಾರಿದ್ರು? ನಾನು, ನನ್ನ ಲಾರಿ, ಮೇಲೊಬ್ಬ ದೇವರು!"

ಈ ಸಲ ಲಾರಿ ಏರಿತು. ಒಂದು ತಿರುವು... ಇನ್ನೊಂದು... ಎಲ್ಲೂ ನಿಲ್ಲಲಿಲ್ಲ. ಸುರಂಗ ದಾಟಿದ್ದೇ ಕೆಳಗೆ ಸೂಸಾಮಿರ್ ಬಯಲು ಹಸಿರಾಗಿ ಹರಡಿಕೊಂಡಿತು.

ಮುದುಕ ಹಳೆಯ ನೆನಪುಗಳನ್ನು ಬಿಚ್ಚತೊಡಗಿದ. ಹಿಮದಲ್ಲಿ ಸಿಕ್ಕಿಬಿದ್ದ ರಾತ್ರಿಗಳು, ಕುರಿಕಾಯುವವರು ಕೊಟ್ಟ ಬಿಸಿ ಸಾರು, ದಾರಿ ಬದಿಯ ಟೀ ಅಂಗಡಿಯಲ್ಲಿ ಕಂಡ ಹುಡುಗಿ... ಆಮೇಲೆ ಅವಳೇ ಸಿರ್ಗಾಕ್‌ನ ತಾಯಿಯಾದದ್ದು. ಚಹಾ ಆರಿತು, ಮಾತು ಮಾತ್ರ ಆರಲಿಲ್ಲ.

ಸಿರ್ಗಾಕ್ ಬಾಗಿಲಿಗೊರಗಿ ಕೇಳುತ್ತ ನಿಂತಿದ್ದ. ಅವನ ಕೆನ್ನೆ ಒದ್ದೆಯಾಗಿದ್ದನ್ನು ಬೇಗಾಯಿಮ್ ಕಂಡೂ ಕಾಣದಂತಿದ್ದಳು.

ಬಸ್ ಸ್ಟಾಪಿನವರೆಗೆ ಅವನು ಜೊತೆಗೆ ಬಂದ. ಬಿಸಿಲು ಹಿತವಾಗಿತ್ತು. ಕಾಲುವೆಯಲ್ಲಿ ಕರಗಿದ ಹಿಮದ ನೀರು ಜುಳುಜುಳು ಹರಿಯುತ್ತಿತ್ತು.

"ಅವತ್ತು... ತಪ್ಪಾಯ್ತು," ಅಂದ.

"ನಂದೂ ಇದೆ. ನಿಮ್ಮ ಬೂಟು ನೋಡಿದ್ದು ನಿಜ. ಯೋಗ್ಯತೆ ಅಳೆಯೋಕಲ್ಲ! ಆಗಷ್ಟೇ ನೆಲ ಒರೆಸಿದ್ದೆ, ಅದಕ್ಕೆ."

ಅವನು ಜೋರಾಗಿ ನಕ್ಕ. ಆ ನಗು ಅವಳಿಗೆ ಎಷ್ಟು ಇಷ್ಟವಾಯಿತೆಂದರೆ, ಅವಳು ಸುಮ್ಮನೆ ಬೇರೆ ಕಡೆ ನೋಡಿದಳು.

"ಅವತ್ತಿಂದ ನಾನು ಬಜಾರಿಗೆ ಬಂದು ಬಂದು ಹೋಗಿದ್ದೀನಿ. ಮೆಟ್ಟಿಲ ತನಕ ಬರೋದು, ವಾಪಸ್ ಹೋಗೋದು. ಪಕ್ಕದ ಚಾರ್ಜರ್ ಅಕ್ಕ ನನ್ನ ನೋಡಿ ಕೈಬೀಸೋಕೂ ಶುರು ಮಾಡಿದ್ರು."

"ಏನು?! ಜಮೀರಾ ಅಕ್ಕಂಗೆ ಗೊತ್ತಿತ್ತಾ?"

"ಯಾರಿಗೂ ಹೇಳ್ಬೇಡಿ ಅಂದಿದ್ದೆ. ಬಜಾರಲ್ಲಿ ವಿಚಾರಿಸಿದ ಅಪ್ಪನಿಗೆ ಅಂಗಡಿ ತೋರಿಸಿದ್ದೂ ಅವರೇ ಇರ್ಬೇಕು."

ವ್ಯಾನ್ ಬಂದು ನಿಂತಿತು. ಬಾಗಿಲು ತೆರೆಯಿತು. ಬೇಗಾಯಿಮ್ ಹತ್ತಲಿಲ್ಲ. ಡ್ರೈವರ್ ಗೊಣಗುತ್ತ ಹೊರಟುಹೋದ.

"ಬೇಗಾಯಿಮ್... ಅಪ್ಪ ಮತ್ತೆ ಇಷ್ಟು ಮಾತಾಡ್ತಾರೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಆದ್ರೆ ನಾನು ಹೇಳ್ಬೇಕಾಗಿರೋದು ಅದಲ್ಲ. ನೀವು ಅಂದ್ರೆ ನಂಗೆ... ತುಂಬಾ ಇಷ್ಟ."

ಎಷ್ಟೋ ಮಾತುಗಳು ಬೇಗಾಯಿಮ್‌ಳ ನಾಲಿಗೆಯವರೆಗೆ ಬಂದವು. ಹೊರಗೆ ಬಂದದ್ದು ಒಂದೇ.

"ನಾಳೆ ಮಧ್ಯಾಹ್ನ ಊಟಕ್ಕೆ ಅಂಗಡಿಗೆ ಬನ್ನಿ."

"ಏನೂ ಕೊಳ್ಳೋಕಲ್ಲ ತಾನೇ?"

"ಅಲ್ಲ. ಸುಮ್ನೆ... ಬನ್ನಿ."

"‘ಬನ್ನಿ’ ಅಂದ್ರೆ ಬರಲ್ಲ."

"ಮತ್ತೆ?"

"‘ಬಾ’ ಅನ್ನು."

ಬೇಗಾಯಿಮ್ ಕಾಲುವೆಯ ನೀರು ನೋಡಿದಳು, ಆಕಾಶ ನೋಡಿದಳು. ಕೊನೆಗೆ ಅವನನ್ನೇ ನೋಡಿದಳು.

"ಬಾ," ಅಂದಳು.