ನಾಲ್ಕು ಮರದುದ್ದದ ತಿಮಿಂಗಿಲ

ಶನಿವಾರ ಬೆಳಿಗ್ಗೆ ಐದೂಕಾಲಿಗೆ ಶಾಲೆಯ ಬಸ್ಸು ಬೆಂಗಳೂರಿಗೆ ಹೊರಟಿತು. ಐದನೇ ತರಗತಿಯ ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಮಂದಿ ಅದರಲ್ಲಿದ್ದರು. ಇಲ್ಲದವಳು ಲಿಖಿತಾ ಒಬ್ಬಳೇ.

ಬಸ್ಸಿನ ಹಾರನ್ನು ಕೇಳಿಸಿದಾಗ ಅವಳು ಬಚ್ಚಲುಮನೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಅಮ್ಮ ಶಾಂತಕುಮಾರಿ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಅವಳ ಕಣ್ಣು ಒರೆಸುತ್ತಿದ್ದರು.

"ತೆಗಿ, ನೋಡಾನ."

"ತೆಗೆಯಕ್ಕಾಗ್ತಿಲ್ಲಮ್ಮ. ಅಂಟ್ಕಂಡೈತೆ."

"ಮದ್ರಾಸ್ ಐ ಕಣೇ. ಮಿಸ್ಸಿಗೆ ಫೋನ್ ಮಾಡಿ ಹೇಳ್ದೆ. ಒಬ್ಬಳಿಂದ ಬಸ್ಸಿಗೆಲ್ಲ ಅಂಟುತ್ತೆ, ಬ್ಯಾಡ ಅಂದ್ರು."

"ಕೂಲಿಂಗ್ ಗ್ಲಾಸ್ ಹಾಕ್ಕಂಡು ಹೋಗ್ತೀನಿ."

"ಸಿನಿಮಾನೂ ಕೂಲಿಂಗ್ ಗ್ಲಾಸಲ್ಲೇ ನೋಡ್ತೀಯಾ?"

ಹಾರನ್ನು ಇನ್ನೊಂದು ಸಲ ಕೇಳಿಸಿತು. ಆಮೇಲೆ ಬಸ್ಸು ಕೆರೆ ಏರಿಯ ಕಡೆ ಹೋದ ಸದ್ದೂ ನಿಂತುಹೋಯಿತು.

ಅವರೆಲ್ಲ ಹೋದದ್ದು ಬೆಂಗಳೂರಿನ ಒಂದು ದೊಡ್ಡ ಪರದೆಯ ಥಿಯೇಟರಿಗೆ. ಅಲ್ಲಿ ಸಮುದ್ರದ ಬಗ್ಗೆ ಒಂದು ಸಿನಿಮಾ. ಅದರಲ್ಲಿ ನೀಲಿ ತಿಮಿಂಗಿಲ ಬರುತ್ತದೆಂದು ಆಶಾ ಮಿಸ್ ತಿಂಗಳಿಂದ ಹೇಳುತ್ತಿದ್ದರು. ತರಗತಿಯಲ್ಲಿ ಯಾರೂ ಸಮುದ್ರವನ್ನೇ ನೋಡಿರಲಿಲ್ಲ.

ಕಣ್ಣು ವಾಸಿಯಾಗಿ ಲಿಖಿತಾ ಮತ್ತೆ ಶಾಲೆಗೆ ಹೋದದ್ದು ಗುರುವಾರ. ಒಂದನೇ ತರಗತಿಯಿಂದಲೂ ಅವಳ ಪಕ್ಕ ಕೂರುವ ಜೀವಿತಾ ಬೆಂಚಿನ ಮೇಲೆ ಅವಳಿಗೆ ಜಾಗ ಬಿಟ್ಟಳು. ಬಾಯಿಗೆ ಮಾತ್ರ ಬಿಡುವು ಕೊಡಲಿಲ್ಲ.

"ಪರದೆ ಎಷ್ಟು ದೊಡ್ಡದು ಗೊತ್ತೇನೇ? ನಮ್ ಸ್ಕೂಲ್ ಬಿಲ್ಡಿಂಗ್ ಐತಲ್ಲ, ಅಷ್ಟು. ಈ ಕಡೆ ನೋಡಿದ್ರೆ ಆ ಕಡೆ ಕಾಣಲ್ಲ. ತಿಮಿಂಗ್ಲ ಬಂತು ನೋಡು, ಪಾಪ್‌ಕಾರ್ನ್ ಎಲ್ಲ ಚೆಲ್ಲೋಯ್ತು."

"ಯಾರ್ದು?"

"ಎಲ್ಲಾರ್ದೂ" ಎಂದಳು ಜೀವಿತಾ.

ಎರಡನೇ ಪೀರಿಯಡ್ಡಿನಲ್ಲಿ ಆಶಾ ಮಿಸ್ ಒಂದು ಸುದ್ದಿ ಹೇಳಿದರು. ಈ ಸಲದ ಗೋಡೆ ಪತ್ರಿಕೆ ಪೂರ್ತಿ ತಿಮಿಂಗಿಲದ್ದು. ಪ್ರತಿಯೊಬ್ಬರೂ ಒಂದೊಂದು ಪುಟ ಬರೆಯಬೇಕು. ಶುಕ್ರವಾರ ಎಲ್ಲರೂ ಓದುವುದು, ಸೋಮವಾರ ಗೋಡೆಗೆ ಅಂಟಿಸುವುದು.

"ಲಿಖಿತಾ, ಆ ಸಿನಿಮಾ ಹಳೆಯದು. ಮನೆಯಲ್ಲೂ ನೋಡಬಹುದು. ಗ್ರೂಪಿಗೆ ಲಿಂಕ್ ಹಾಕಿದ್ದೀನಿ. ನೋಡಿ ನೀನೂ ಬರಿ."

ಜೀವಿತಾ ಎದ್ದು ನಿಂತಳು. "ಅದು ಬೇರೆ ಮಿಸ್. ಟೀವೀಲಿ ನೋಡಿದ್ರೆ ನೋಡ್ದಂಗಲ್ಲ. ಥಿಯೇಟ್ರಲ್ಲಿ ನೋಡ್ದೋರೇ ಬರೀಬೇಕು."

ನಾಲ್ಕೈದು ಜನ ಹೂಂಗುಟ್ಟಿದರು.

"ಯಾರು ಏನು ನೋಡಿದರೋ ಅದನ್ನು ಬರೆಯಲಿ" ಎಂದರು ಮಿಸ್.

ಮಿಸ್ ಒಪ್ಪಿದರು. ಆದರೆ ಬೆಂಚು ಒಪ್ಪಿರಲಿಲ್ಲ. ಅದು ಲಿಖಿತಾಗೆ ಗೊತ್ತಾಯಿತು. ಊಟದ ಹೊತ್ತಿನಲ್ಲಿ ಎಲ್ಲರೂ ಅದೇ ಮಾತಾಡುತ್ತಿದ್ದರು. ಅವಳು ತಟ್ಟೆ ಹಿಡಿದುಕೊಂಡು ಮಾತು ಯಾವಾಗ ಮುಗಿಯುತ್ತದೋ ಎಂದು ಕಾದಳು. ಅದು ಮುಗಿಯಲಿಲ್ಲ.

ಸಂಜೆ ನಾಲ್ಕೂವರೆಗೆ ಮನೆಗೆ ಬಂದವಳೇ ಅಮ್ಮನ ಫೋನಿನಿಂದ ಟೀವಿಗೆ ಸಿನಿಮಾ ಹಾಕಿದಳು.

ಹತ್ತು ನಿಮಿಷಕ್ಕೆ ತಿಮಿಂಗಿಲ ಬಂತು. ಲಿಖಿತಾ ಅದನ್ನು ನಿಲ್ಲಿಸಿ, ಸ್ಕೇಲ್ ತೆಗೆದುಕೊಂಡು ಅಳೆದಳು. ಐವತ್ತೆಂಟು ಸೆಂಟಿಮೀಟರ್. ಅಡುಗೆಮನೆಯಲ್ಲಿ ಅಮ್ಮ ಹೆಚ್ಚುತ್ತಿದ್ದ ಪಡವಲಕಾಯಿ ಅದಕ್ಕಿಂತ ಉದ್ದವಾಗಿತ್ತು.

ಜೀವಿತಾ ಹೇಳಿದ್ದು ಸರಿ ಎನ್ನಿಸಿ ಅವಳಿಗೆ ಅಳು ಬಂದಂತಾಯಿತು.

ಮತ್ತೆ ಹಾಕಿದಳು. ಆಗ ನೆಟ್ ಕೈಕೊಟ್ಟಿತು. ಚಿತ್ರ ನಿಂತು, ನಡುವೆ ಬಿಳಿ ಚಕ್ರವೊಂದು ಸುತ್ತತೊಡಗಿತು. ಒಂದು ನಿಮಿಷವಾದರೂ ಸುತ್ತುತ್ತಲೇ ಇತ್ತು. ಬೇರೇನೂ ಮಾಡಲು ಇಲ್ಲದೆ ಲಿಖಿತಾ ನಿಂತ ಚಿತ್ರವನ್ನೇ ಮೂಲೆಯಿಂದ ಮೂಲೆಗೆ ನೋಡಿದಳು. ತಿಮಿಂಗಿಲದ ಬಾಯಿಯ ಹತ್ತಿರ ಒಂದು ಬಿಳಿ ಗಾಯದ ಗುರುತು ಇತ್ತು. ಅದರ ಹೊಟ್ಟೆಯ ಕೆಳಗೆ, ಕತ್ತಲೆ ನೀರಿನಲ್ಲಿ, ಇನ್ನೊಂದು ಇತ್ತು. ಸಣ್ಣದು.

"ಅಮ್ಮ, ಮರಿ ಐತೆ" ಎಂದು ಕೂಗಿದಳು.

ಅಮ್ಮ ಬರಲಿಲ್ಲ. ತೋಟದಿಂದ ಆಗಷ್ಟೇ ಬಂದಿದ್ದ ಅಜ್ಜ ಗಂಗಾಧರಯ್ಯ ಬಂದರು. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಳು. ಬಗ್ಗಿ ಟೀವಿ ನೋಡಿದರು.

"ಎಷ್ಟುದ್ದವಂತೆ ಇದು?"

"ತೊಂಬತ್ತಡಿ ಅಂತ ಹೇಳಿದ್ರು ಸಿನಿಮಾದಲ್ಲಿ."

"ಅಂದ್ರೆ ನಾಕು ಮರ."

"ಏನಜ್ಜ?"

ಅಜ್ಜ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರು. "ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಮಾರಂದ್ರೆ ಆರಡಿ. ನಮ್ ಹಳೇ ತೋಟದಲ್ಲಿ ಮರದಿಂದ ಮರಕ್ಕೆ ಐದು ಮಾರು. ನಮ್ಮಪ್ಪ ಅಳ್ದು ಗುಂಡಿ ತೆಗ್ಸಿದ್ದು. ಐದಾರ್ಲಿ?"

"ಮೂವತ್ತು."

"ನಾಕು ಮರದ ನಡುವೆ ಮೂರು ಸಂದು. ಮೂರ್ಮೂವತ್ಲಿ ತೊಂಬತ್ತು. ಲೆಕ್ಕ ಸರಿಯಾತು, ಹೋಗಿ ನೋಡು."

ಶಾಲೆಯ ಹಿಂಬದಿಯ ಗೋಡೆಗೆ ಅಂಟಿಕೊಂಡಂತೆಯೇ ಅವರ ಹಳೇ ತೋಟ. ಲಿಖಿತಾ ಓಡಿಹೋಗಿ ಗೋಡೆಯ ಪಕ್ಕದ ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಇದು ಮೂತಿ ಎಂದುಕೊಂಡಳು. ಎರಡನೇ ಮರ, ಮೂರನೇ ಮರ. ಸಾಲಿನ ಕೊನೆಯದು ನಾಲ್ಕನೇ ಮರ. ಅದು ಬೇಲಿಯ ಹತ್ತಿರ ಇತ್ತು. ಬೇಲಿಯಾಚೆ ಹುಚ್ಚರಂಗಯ್ಯನವರ ರಾಗಿ ಹೊಲ.

ಅವಳು ನಡೆದಳು. ನಲವತ್ತೊಂದು ಹೆಜ್ಜೆ. ತುದಿಯಲ್ಲಿ ನಿಂತು ತಿರುಗಿ ನೋಡಿದಾಗ ಮೊದಲ ಮರ ದೂರದಲ್ಲಿತ್ತು. ಅಷ್ಟೂ ಒಂದೇ ಪ್ರಾಣಿ. ಗಾಳಿಗೆ ಗರಿಗಳು ಒಮ್ಮೆ ಅಲ್ಲಾಡಿದವು. ತನ್ನ ತಲೆಯ ಮೇಲೆ ಏನೋ ದೊಡ್ಡದು ನಿಧಾನವಾಗಿ ಹಾದುಹೋದಂತೆ ಅವಳಿಗೆ ಅನ್ನಿಸಿತು.

ರಾತ್ರಿ ಊಟಕ್ಕೆ ಮೊದಲೇ ಅವಳ ಪುಟ ಮುಗಿದಿತ್ತು. ಒಂದು ವಿಷಯಕ್ಕೆ ಮಾತ್ರ ಜಾಗ ಖಾಲಿ ಬಿಟ್ಟಿದ್ದಳು. ಶುಕ್ರವಾರ ಬೆಳಿಗ್ಗೆ ಗೇಟಿನ ಹತ್ತಿರವೇ ಮಿಸ್ಸನ್ನು ಕೇಳಿದಳು.

"ಮಿಸ್, ಆ ಪರದೆ ಎಷ್ಟಡಿ ಅಗಲ?"

"ಎಪ್ಪತ್ತಡಿ ಅಂತ ಅಲ್ಲಿನವರು ಹೇಳಿದರು. ಯಾಕೆ?"

"ಬೇಕಿತ್ತು ಮಿಸ್."

ತನ್ನ ಸರದಿ ಬಂದಾಗ ಲಿಖಿತಾ ನಿಧಾನವಾಗಿ ಓದಿದಳು.

"ತಿಮಿಂಗಿಲ ತೊಂಬತ್ತು ಅಡಿ. ಥಿಯೇಟರಿನ ಪರದೆ ಎಪ್ಪತ್ತು ಅಡಿ. ಆದ್ದರಿಂದ ಇಡೀ ತಿಮಿಂಗಿಲ ಅದರ ಪೂರ್ತಿ ಅಳತೆಯಲ್ಲಿ ಅಲ್ಲೂ ಹಿಡಿಸುವುದಿಲ್ಲ. ನಮ್ಮ ತೋಟದಲ್ಲಿ ಹಿಡಿಸುತ್ತದೆ. ಅದು ಸರಿಯಾಗಿ ನಾಲ್ಕು ಮರದ ಉದ್ದ. ತಿಮಿಂಗಿಲದ ಹೊಟ್ಟೆಯ ಕೆಳಗೆ ಅದರ ಮರಿ ಈಜುತ್ತಿತ್ತು."

"ಮರೀನಾ?" ಎಂದಳು ಜೀವಿತಾ. "ಮರಿಗಿರಿ ಏನೂ ಇರ್ಲಿಲ್ಲ ಮಿಸ್. ಇವ್ಳು ಸುಮ್ನೆ ಬರ್ದವ್ಳೆ."

ಹಿಂದಿನ ಬೆಂಚಿನ ಯೋಗೀಶ ಕೈ ಎತ್ತಿದ. "ಇತ್ತು ಮಿಸ್. ಕೆಳಗಡೆ ಮೂಲೇಲಿ ಇತ್ತು. ಕತ್ತು ತಿರುಗ್ಸಿ ನೋಡ್ಬೇಕಿತ್ತು, ಅಷ್ಟೆ. ಜೀವಿತಾ ಎಲ್ಲಿ ನೋಡ್ತಿದ್ಲೋ."

ಎಲ್ಲರೂ ನಕ್ಕರು. ಜೀವಿತಾ ಕೂತಳು. ಅವಳ ಕಿವಿ ಕೆಂಪಾಗಿತ್ತು.

ಇಂಟರ್ವಲ್ಲಿನಲ್ಲಿ ನಲ್ಲಿಯ ಹತ್ತಿರ ಅವಳೇ ಬಂದಳು. ನೀರು ಕುಡಿಯುವವಳಂತೆ ಬಗ್ಗಿದಳು, ಕುಡಿಯಲಿಲ್ಲ.

"ಯಾರ್ಗೂ ಹೇಳ್ಬ್ಯಾಡ ಕಣೇ."

"ಏನು?"

"ನಾನು ಕಣ್ ಮುಚ್ಕಂಡಿದ್ದೆ. ಮೂತಿ ನೋಡ್ದೆ, ಅಷ್ಟೆ. ಅದು ಮೈಮೇಲೇ ಬಂದಂಗಾಯ್ತು. ಪಾಪ್‌ಕಾರ್ನ್ ಚೆಲ್ಲಿದ್ದೂ ನಂದೇ."

ಲಿಖಿತಾಳ ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು. ಥಿಯೇಟರಿನಲ್ಲಿ ನೋಡಿದವರೇ ಬರೆಯಬೇಕು ಅಂದೆಯಲ್ಲ, ನೀನೇನು ನೋಡಿ ಬರೆದೆ? ಹಾಗೆಂದು ಕೇಳಬಹುದಿತ್ತು. ಯೋಗೀಶನೂ ಎರಡೇ ಹೆಜ್ಜೆ ಆಚೆ ನಿಂತಿದ್ದ.

ಅವಳು ಜೀವಿತಾಳ ಮುಖ ನೋಡಿದಳು. ಆಮೇಲೆ ಬೇರೆಯೇ ಒಂದನ್ನು ಕೇಳಿದಳು.

"ಸೌಂಡ್ ಹೆಂಗಿತ್ತೇ? ನಮ್ ಟೀವೀಲಿ ಏನೂ ಗೊತ್ತಾಗ್ಲಿಲ್ಲ."

ಜೀವಿತಾ ಸ್ವಲ್ಪ ಯೋಚಿಸಿದಳು. "ಕೊಬ್ರಿಕಾಯಿ ಒಣಗಿದ್ಮೇಲೆ ನಿಮ್ ಅಟ್ಟದ ಮೇಲಿಂದ ಸುರೀತಾರಲ್ಲ, ಅವಾಗ ಅಟ್ಟದ ಕೆಳಗೆ ನಿಂತ್ರೆ ಹೆಂಗಿರುತ್ತೆ? ಅಂಗೆ ಕಣೇ. ಆದ್ರೆ ಕಿವೀಲಿ ಅಲ್ಲ. ಇಲ್ಲಿ." ಅವಳು ಹೊಟ್ಟೆ ಮುಟ್ಟಿ ತೋರಿಸಿದಳು. "ಸೀಟೆಲ್ಲ ನಡುಗ್ತಿತ್ತು."

ಲಿಖಿತಾ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆ ಸದ್ದು ಅವಳಿಗೆ ಗೊತ್ತಿತ್ತು. ಅದು ಹೊಟ್ಟೆಯೊಳಗೇ ಕೇಳಿಸಿದರೆ ಯಾರಾದರೂ ಹೆದರಿ ಕಣ್ಣು ಮುಚ್ಚಿಕೊಂಡಾರು ಎಂದೂ ಗೊತ್ತಾಯಿತು.

ಮಧ್ಯಾಹ್ನ ಎರಡೂವರೆಗೆ ಆಶಾ ಮಿಸ್ ಇಡೀ ತರಗತಿಯನ್ನು ತೋಟಕ್ಕೆ ಕರೆದುಕೊಂಡು ಹೋದರು. ಲಾಂಗ್ ಜಂಪ್ ಅಳೆಯುವ ಉದ್ದನೆಯ ಟೇಪನ್ನು ಯೋಗೀಶ ಹೊತ್ತಿದ್ದ. ಕಾಯಿ ಆಯುತ್ತಿದ್ದ ಅಜ್ಜ ಮಂಕರಿ ಕೆಳಗಿಟ್ಟು ಬಂದರು.

ಮೊದಲ ಮರದ ಬುಡದಲ್ಲಿ ಟೇಪಿನ ತುದಿಯನ್ನು ಲಿಖಿತಾ ಹಿಡಿದಳು. ಯೋಗೀಶ ಟೇಪು ಬಿಚ್ಚಿಕೊಂಡು ನಾಲ್ಕನೇ ಮರಕ್ಕೆ ಹೋದ.

"ಎಂಬತ್ತೆರಡೂವರೆ" ಎಂದು ಕೂಗಿದ.

"ಸರಿಯಾಗಿ ಹಿಡ್ಕಳ್ಲಾ, ಟೇಪು ಜೋತಾಡ್ತೈತೆ" ಎಂದರು ಅಜ್ಜ.

ಮತ್ತೆ ಅಳೆದರು. ಎಂಬತ್ತೆರಡೂವರೆಯೇ ಬಂತು.

"ಲಿಖಿತಾನ ತಿಮಿಂಗ್ಲ ಊಟ ಮಾಡಿಲ್ಲ ಮಿಸ್" ಎಂದಿತು ಒಂದು ದನಿ. ಮತ್ತೆ ಎಲ್ಲರೂ ನಕ್ಕರು. ಲಿಖಿತಾ ಟೇಪಿನ ತುದಿ ಹಿಡಿದೇ ನಿಂತಿದ್ದಳು. 'ಸರಿಯಾಗಿ ನಾಲ್ಕು ಮರ' ಎಂದು ಬರೆದ ಪುಟ ಅವಳ ಇನ್ನೊಂದು ಕೈಯಲ್ಲಿತ್ತು.

ಅಜ್ಜ ತಲೆ ಕೆರೆದುಕೊಂಡರು. "ಒಂದೊಂದು ಸಂದು ಇಪ್ಪತ್ತೇಳೂವರೆ ಅಂದಂಗಾತು. ಐದರಿಂದ ಭಾಗಿಸಿದ್ರೆ ಮಾರು ಐದೂವರೆ ಅಡಿ. ಅದೆಂಗಾತದೆ? ಐದು ಮಾರು ಅಳ್ದಿದ್ದು ಸುಳ್ಳಲ್ಲ."

ಲಿಖಿತಾಗೆ ನಡುಮನೆಯ ಗೋಡೆಯ ಮೇಲಿನ ಫೋಟೋ ನೆನಪಾಯಿತು. ಅದರಲ್ಲಿ ಮುತ್ತಜ್ಜ ಕಾಡಸಿದ್ದಪ್ಪನವರು ಪೇಟ ಸುತ್ತಿಕೊಂಡು ನಿಂತಿದ್ದರು. ಪೇಟ ಸೇರಿಸಿದರೂ ಪಕ್ಕದಲ್ಲಿದ್ದ ಮುತ್ತಜ್ಜಿಯಷ್ಟು ಎತ್ತರ ಬರುತ್ತಿರಲಿಲ್ಲ.

"ಅಜ್ಜ, ಮುತ್ತಜ್ಜ ಅಳ್ದಿದ್ದು ಅವ್ರ ಕೈಯಲ್ಲಿ ತಾನೆ? ಅವ್ರು ಕುಳ್ಳಗಿದ್ರಲ್ವಾ?"

ಅಜ್ಜ ಅವಳನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ಚಾಚಿ ಆ ಕಡೆಯ ಬೆರಳು, ಈ ಕಡೆಯ ಬೆರಳು ನೋಡಿಕೊಂಡರು.

"ಹೌದಲ್ಲೇ" ಎಂದರು. "ಅಪ್ಪಂದು ಅವ್ರ ಮಾರು. ನಾನು ನನ್ ಮಾರಲ್ಲಿ ಲೆಕ್ಕ ಹೇಳ್ಕಂಡು ಬಂದಿವ್ನಿ. ಅರವತ್ತು ವರ್ಷದಿಂದ ಬಂದೋರ್ಗೆಲ್ಲ ಮೂವತ್ತಡಿ ಅಂದಿವ್ನಿ ಕಣವ್ವ." ಅವರಿಗೆ ನಗು ತಡೆಯಲಾಗಲಿಲ್ಲ. ಮಿಸ್ಸೂ ನಕ್ಕರು.

ಲೆಕ್ಕದ ತಪ್ಪು ಸಿಕ್ಕಿತು. ಆದರೆ ತಿಮಿಂಗಿಲ ಇನ್ನೂ ಗಿಡ್ಡವಾಗಿಯೇ ಇತ್ತು. ಲಿಖಿತಾ ಪುಟವನ್ನು ಮಡಿಸಿದಳು.

ಆಗ ಜೀವಿತಾ ಹೋಗಿ ಯೋಗೀಶನ ಕೈಯಿಂದ ಟೇಪು ಕಿತ್ತುಕೊಂಡಳು.

"ತಿಮಿಂಗ್ಲ ಗಿಡ್ಡ ಆಗಿಲ್ಲ. ಬಾಲ ಉಳ್ದೈತೆ, ಅಷ್ಟೆ" ಎಂದಳು. ಲಂಗ ಎತ್ತಿಕೊಂಡು, ಬೇಲಿಯ ಸಂದಿನಲ್ಲಿ ನುಸುಳಿ ಹುಚ್ಚರಂಗಯ್ಯನವರ ಹೊಲಕ್ಕೆ ಇಳಿದಳು. ತೊಂಬತ್ತು ಬರುವವರೆಗೆ ಟೇಪು ಎಳೆದುಕೊಂಡು ನಿಂತಳು. "ಲಿಖಿತಾ, ಮರಿ ಎಲ್ಲಿತ್ತೇ?"

"ಎರಡನೇ ಮರ ದಾಟಿ. ಹೊಟ್ಟೆ ಕೆಳಗೆ."

"ಹೋಗಿ ನಿಂತ್ಕ ಮತ್ತೆ."

ಟೇಪಿನ ತುದಿಯನ್ನು ಮಿಸ್ ಹಿಡಿದುಕೊಂಡರು. ಲಿಖಿತಾ ಹೋಗಿ ಮರಿಯ ಜಾಗದಲ್ಲಿ ನಿಂತಳು. ಉಳಿದವರು ಯಾರೂ ಹೇಳದೆಯೇ ಟೇಪಿನ ಉದ್ದಕ್ಕೂ ಸಾಲಾಗಿ ನಿಂತರು. ಎಲ್ಲರೂ ಒಮ್ಮೆ ಮೂತಿಯ ಕಡೆ, ಒಮ್ಮೆ ಬಾಲದ ಕಡೆ ನೋಡಿದರು.

ಹೊಲದ ಆ ತುದಿಯಿಂದ ಹುಚ್ಚರಂಗಯ್ಯನವರ ದನಿ ಬಂತು. "ಯಾರಮ್ಮ ಅದು? ನನ್ ಹೊಲ್ದಾಗೆ ಏನ್ ಮಾಡ್ತಿದೀಯ?"

"ತಿಮಿಂಗ್ಲದ ಬಾಲ ಕಣಜ್ಜ" ಎಂದಳು ಜೀವಿತಾ, ಅಲ್ಲಾಡದೆ.

ಹುಚ್ಚರಂಗಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ಇಡೀ ಸಾಲನ್ನು ನೋಡಿದರು. "ಆಗ್ಲಿ. ಪೈರು ತುಳೀಬ್ಯಾಡ" ಎಂದರು.

ಸಂಜೆ ಲಿಖಿತಾ ತನ್ನ ಪುಟದಲ್ಲಿ 'ಸರಿಯಾಗಿ ನಾಲ್ಕು ಮರದ ಉದ್ದ' ಎಂಬುದನ್ನು ಹೊಡೆದುಹಾಕಿ, 'ನಾಲ್ಕು ಮರ, ಆಮೇಲೆ ಏಳೂವರೆ ಅಡಿ' ಎಂದು ಬರೆದಳು. ಸದ್ದಿನ ಬಗ್ಗೆ ಎರಡು ಸಾಲು ಸೇರಿಸಿದಳು. ಅದರ ಕೆಳಗೆ 'ಇದನ್ನು ಜೀವಿತಾ ಹೇಳಿದ್ದು' ಎಂದು ಬರೆದಳು. ಕಣ್ಣು ಮುಚ್ಚಿಕೊಂಡ ವಿಷಯ ಬರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಇಪ್ಪತ್ತೆರಡು ಪುಟಗಳೂ ಗೋಡೆಯ ಮೇಲಿದ್ದವು. ಜೀವಿತಾಳ ಪುಟದ ಕೊನೆಯಲ್ಲಿ ಹೊಸದಾಗಿ ಸೇರಿಸಿದ ಎರಡು ಸಾಲು ಇದ್ದವು: 'ಥಿಯೇಟರಿನಲ್ಲಿ ಹೊಟ್ಟೆ, ಮರಿ, ಬಾಲ ಬರುವ ಹೊತ್ತಿಗೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವನ್ನು ಶುಕ್ರವಾರ ತೋಟದಲ್ಲಿ ನೋಡಿದೆ.'