ತೋರ್ಕಿಲನ ಚೌಕಳಿ ಹೊದಿಕೆ

ಬೆಟ್ಟದ ಹುಲ್ಲುಗಾವಲಿನಲ್ಲಿ ಹಸು ಕರೆಯುತ್ತ ಕುಳಿತಿದ್ದೆ. ಬೆಳಗಿನ ಮಂಜು ಹಾಲಿನ ಕೆನೆಯಂತೆ ಕಣಿವೆಯ ಮೇಲೆ ನಿಂತಿತ್ತು. ಅದರೊಳಗಿಂದ ನಮ್ಮೂರ ತೋರ್ಕಿಲ್ ನಡೆದು ಬಂದ. ಸೊಂಟಕ್ಕೆ ಸುತ್ತಿ ಹೆಗಲಿಗೇರಿಸಿದ್ದು ಅವನ ಅಪ್ಪನ ಚೌಕಳಿ ಹೊದಿಕೆ. ನನ್ನ ಎದೆ ಝಲ್ಲೆಂದಿತು.

ನಾವು ಸ್ಕಾಟ್ಲೆಂಡಿನ ಬೆಟ್ಟದವರು ದಂಗೆ ಎದ್ದು ಸೋತ ಮೇಲೆ ಸರ್ಕಾರ ಮೊದಲು ಕತ್ತಿ ಕಿತ್ತುಕೊಂಡಿತು, ಆಮೇಲೆ ಗಂಡಸರ ಚೌಕಳಿ ಬಟ್ಟೆ. ಬಟ್ಟೆಗೆ ಹೆದರುವ ಸರ್ಕಾರ ಅದೆಂಥದೋ! ತೋರ್ಕಿಲ್ ಇದಕ್ಕೇ ಆಗಲೇ ಒಮ್ಮೆ ಜೈಲು ಕಂಡವನು. ಇನ್ನೊಮ್ಮೆ ಸಿಕ್ಕರೆ ಹಡಗು ಹತ್ತಿಸಿ ಏಳು ವರ್ಷ ಕಡಲಾಚೆಗೆ ಕಳಿಸುತ್ತಾರೆ.

"ತಲೆ ಕೆಟ್ಟಿದ್ಯಾ ನಿಂಗೆ? ಷರಾಯಿ ಎಲ್ಲೋ?"

"ಷರಾಯಿ ಹಾಕ್ಕೊಂಡು ಕೇಳೋ ಮಾತಲ್ಲ ಇದು, ಸೋರ್ಚಾ."

ಅವನ ಕಿವಿ ಕೆಂಪಾಗಿತ್ತು. ನಮ್ಮೂರಲ್ಲಿ ಹುಡುಗ ತನ್ನ ಹೊದಿಕೆಯ ಅರ್ಧವನ್ನು ಹುಡುಗಿಯ ಹೆಗಲಿಗೆ ಹಾಕುತ್ತಾನೆ. ಅವಳು ತೆಗೆಯದಿದ್ದರೆ ಒಪ್ಪಿದಳೆಂದು ಅರ್ಥ. ಎಷ್ಟು ದಿನದಿಂದ ಕಂಡ ಕನಸದು!

"ಕೇಳೋದಾದ್ರೆ ಬೇಗ ಕೇಳು. ಹಸು ಕಾಯಲ್ಲ."

ಅವನು ತುದಿ ಎತ್ತುವಷ್ಟರಲ್ಲಿ ಕೆಳಗಿನ ಮಂಜಿನಲ್ಲಿ ಕೆಂಪು ಕೋಟುಗಳು ಕಂಡವು. ಸೈನಿಕರು.

ನಾನು ಇಡೀ ಹೊದಿಕೆಯನ್ನೇ ಎಳೆದು ಸುತ್ತಿಕೊಂಡೆ. ಹೆಂಗಸರು ಚೌಕಳಿ ಹೊದೆಯಬಾರದೆಂದು ಬರೆಯುವುದು ಕಾನೂನು ಮಾಡಿದವರಿಗೆ ಹೊಳೆದಿರಲಿಲ್ಲ. ತೋರ್ಕಿಲ್ ಮೊಣಕಾಲುದ್ದದ ಅಂಗಿಯಲ್ಲಿ ನಡುಗುತ್ತ ನಿಂತ.

"ಯಾರದು ಈ ಬಟ್ಟೆ?" ನಮ್ಮ ಭಾಷೆ ಅರೆಬರೆ ಬಲ್ಲ ಹವಾಲ್ದಾರ ಗದರಿದ.

"ನಂದೇ ಸ್ವಾಮಿ. ಚಳಿ."

"ಮತ್ತೆ ಇವನ್ಯಾಕೆ ಬರೀ ಅಂಗೀಲಿ?"

ಮರ್ಯಾದೆಯೋ, ಅವನೋ? ನಾನು ಯೋಚಿಸಲೇ ಇಲ್ಲ. "ಇವ್ನು ನನ್ ಗಂಡ. ಗಂಡ ಹೆಂಡ್ತಿ ಅಂದ್ಮೇಲೆ ಎಲ್ಲಾ ಬಿಡಿಸಿ ಹೇಳ್ಬೇಕಾ?"

ಹವಾಲ್ದಾರ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಸೈನಿಕರು ಕಿಸಕ್ಕೆಂದರು. ಹವಾಲ್ದಾರ ತೋರ್ಕಿಲನತ್ತ ತಿರುಗಿದ. "ಏನಯ್ಯಾ, ಹೆಂಡ್ತೀನಾ?"

ತೋರ್ಕಿಲ್ ನನ್ನನ್ನೇ ನೋಡುತ್ತಿದ್ದ. ಅವನ ರೆಪ್ಪೆಗಳ ಮೇಲೆ ಮಂಜಿನ ಹನಿಗಳಿದ್ದವು.

"ಹೌದು. ಸೋರ್ಚಾ ನನ್ ಹೆಂಡ್ತಿ."

ಅವರು ನಗುತ್ತಲೇ ಇಳಿದುಹೋದರು.

"ನಿನ್ನ ಉಳಿಸೋಕೆ ಸುಳ್ಳು ಹೇಳ್ದೆ," ಎಂದೆ ನೆಲ ನೋಡುತ್ತ. "ಬೇಡ ಅಂದ್ರೆ ಮರೆತುಬಿಡು."

"ಮರೆಯೋಕೆ ಬರಲ್ಲ ಕಣೇ. ಸಾಕ್ಷಿ ಮುಂದೆ ಇಬ್ರೂ ಗಂಡ ಹೆಂಡ್ತಿ ಅಂತ ಒಪ್ಕೊಂಡ್ರೆ ಈ ನಾಡಲ್ಲಿ ಅದೇ ಮದುವೆ. ಪಾದ್ರಿನೂ ಬೇಕಿಲ್ಲ. ನಿಂಗೊತ್ತಿಲ್ವಾ?"

ಗೊತ್ತಿತ್ತು; ಹೆದರಿಕೆಯಲ್ಲಿ ಮರೆತೇಹೋಗಿತ್ತು. "ಸಾಕ್ಷಿ ಯಾರೋ?"

"ರಾಜನ ಸೈನ್ಯ! ನಮ್ಮೂರಲ್ಲಿ ಇಷ್ಟು ಅದ್ದೂರಿ ಮದುವೆ ಯಾರಿಗಾಗಿದೆ ಹೇಳು?"

ನಗು, ಅಳು ಒಟ್ಟಿಗೇ ಬಂದವು. ಅವನೆದೆಗೆ ಹಣೆ ಒತ್ತಿದೆ. ಅವನ ಮೈ ತಣ್ಣಗೆ ಕೊರೆಯುತ್ತಿತ್ತು. ಹೆಂಡತಿಯಾಗಿ ನನ್ನ ಮೊದಲ ಕೆಲಸವೆಂದು ಅವನನ್ನು ಅಲ್ಲೇ ಇದ್ದ ನನ್ನ ಗುಡಿಸಲ ಒಲೆಯ ಬಳಿಗೆ ಎಳೆದುಕೊಂಡು ಹೋದೆ.