ಮೋರೇರ ಮನೆಯ ಸೂತಕ

ಕಲ್ಲಿನ ದುಂಡು ಕಿಂಡಿಯೊಳಗೆ ತೂರಿಸಿದ ‘ಕುಲಶೋಧಕ’ ಯಂತ್ರ ಮೆಲ್ಲಗೆ ಗುಂಯ್‌ಗುಟ್ಟುತ್ತಿತ್ತು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹಾಸಿದ ಆದಿಕಾಲದ ಸಮಾಧಿಗಳು ಆ ಬೋಳುಗುಡ್ಡದ ತುಂಬ ಇದ್ದವು. ಕೆಳಗಿನ ಊರಿನವರು ಅವನ್ನು ಮೋರೇರ ಮನೆ ಎನ್ನುತ್ತಿದ್ದರು. ಯಂತ್ರದ ಕೆಲಸ ಸರಳ. ಮೂಳೆಯ ಪುಡಿಯಲ್ಲಿ ಉಳಿದ ವಂಶದ ಗುರುತನ್ನು ಬದುಕಿರುವವರ ಎಂಜಲಿನೊಂದಿಗೆ ಹೋಲಿಸುತ್ತದೆ. ರಕ್ತಸಂಬಂಧ ಸಿಕ್ಕರೆ ಹಸಿರು ದೀಪ.

ಅಲ್ಲೇ ಕುರಿ ಮೇಯಿಸುತ್ತಿದ್ದ ಹುಲಿಗೆವ್ವನ ಎಂಜಲಿಗೆ ಹಸಿರು ದೀಪ ಹತ್ತಿದಾಗ ವಿಜ್ಞಾನಿ ಪದ್ಮಾಕ್ಷಿ ಹಿಗ್ಗಿಹೋದಳು.

“ಅಜ್ಜಿ, ಇದರೊಳಗಿರುವವರು ನಿಮ್ಮ ಪೂರ್ವಜರು!”

ಹುಲಿಗೆವ್ವ ಧೊಪ್ಪನೆ ಕೂತಳು. “ಯಾವಾಗ ತೀರ್ಕೊಂಡ್ರವ್ವಾ?”

“ಮೂರು ಸಾವಿರ ವರ್ಷವಾಯಿತು.”

“ನಮಗ ಸುದ್ದಿ ಮುಟ್ಟಿದ್ದು ಇವತ್ತ! ಸುದ್ದಿ ಕೇಳಿದ ದಿನದಿಂದ ಸೂತಕ. ನಾಳೆ ನಮ್ಮ ರೇಣವ್ವನ ಮದುವಿ ಐತಿ.” ತಾಯಿಯಿಲ್ಲದ ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆ. ಕಣ್ಣಲ್ಲಿ ನೀರು ಬಂತು.

ಪದ್ಮಾಕ್ಷಿಗೆ ಏನು ಮಾಡುವುದೋ ತಿಳಿಯಲಿಲ್ಲ. ಹಿಗ್ಗಿನಲ್ಲಿ ಆಡಿದ ಒಂದು ಮಾತು ಪಾಪ, ಆ ಹುಡುಗಿಯ ಮದುವೆಗೇ ಅಡ್ಡ ಬಂದಿತ್ತು. ಯಂತ್ರವನ್ನು ಎತ್ತಿಕೊಂಡು ಊರಿಗೆ ಓಡಿ ಹಿರಿಯ ಯಂಕೋಬಣ್ಣನಿಗೆ ವಿವರಿಸಿದಳು: ಅಷ್ಟು ಹಿಂದಿನವರು ಒಬ್ಬರ ಪೂರ್ವಜರಲ್ಲ, ಹೆಚ್ಚುಕಡಿಮೆ ಎಲ್ಲರ ಪೂರ್ವಜರು. ನಂಬಿಕೆ ಬರಲೆಂದು ಆತನ ಎಂಜಲನ್ನೂ ಯಂತ್ರಕ್ಕೆ ತಾಗಿಸಿದಳು. ಹಸಿರು. ಪಕ್ಕದ ಮನೆಯವರದು? ಅದೂ ಹಸಿರು.

“ಹಂಗಾರ ಇಡೀ ಊರಿಗೇ ಸೂತಕ,” ಎಂದ ಯಂಕೋಬಣ್ಣ.

ಬಿಡಿಸಲು ಹೋದ ಗಂಟು ಇನ್ನಷ್ಟು ಬಿಗಿಯಾಯಿತು. ಸೂತಕದ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ, ಬೇರೆ ಮನೆಯವರು ಬುತ್ತಿ ತರಬೇಕು. ಈಗ ಬೇರೆ ಮನೆಯೇ ಉಳಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಹಸಿದು ಅಳತೊಡಗಿದವು.

“ನೀವು ಹೊರಗಿನವರು, ನೀವ ಒಲಿ ಹಚ್ರಿ,” ಎಂದರು ಜನ.

ಉಪ್ಪಿಟ್ಟನ್ನೂ ನೆಟ್ಟಗೆ ಮಾಡಲು ಬಾರದ ಪದ್ಮಾಕ್ಷಿಗೆ, ತಾನು ಹೊರಗಿನವಳು ಹೌದೋ ಅಲ್ಲವೋ ಎಂಬುದೇ ಅನುಮಾನವಾಯಿತು. ತನ್ನ ಎಂಜಲನ್ನೂ ತಾಗಿಸಿ ನೋಡಿದಳು. ಹಸಿರು ದೀಪ.

ಗುಡ್ಡ ಇಳಿದು ಬಂದಿದ್ದ ಹುಲಿಗೆವ್ವ ದೀಪವನ್ನು ನೋಡಿದಳು, ಅಳುವ ಮಕ್ಕಳನ್ನು ನೋಡಿದಳು. “ಎಲ್ಲಾರೂ ಒಂದ ಮನಿಯವರಾದ್ರ ಈ ಕೂಸುಗಳಿಗೆ ಬುತ್ತಿ ತರಾವ್ರು ಯಾರು? ಆ ಹಿರೇರು ಹೋಗಿ ಭಾಳ ದಿನ ಆತು. ಅವರ ಹೆಸರಿಗೆ ಅತ್ತು, ನೀರು ಬಿಟ್ಟು, ಮೈತೊಳಕೊಂಡ್ರ ಸೂತಕ ಕಳೀತು. ಒಲಿ ಹಚ್ಚೋಣ.”

ಯಂಕೋಬಣ್ಣ ಗಂಟಲು ಸರಿಮಾಡಿಕೊಂಡು ಹೂಂ ಎಂದ. ಅವನಿಗೂ ಹಸಿವಾಗಿತ್ತು.

ಮರುದಿನ ಮದುವೆಯೂಟದ ಮೊದಲ ಎಲೆ ಮೋರೇರ ಮನೆಯ ಕಿಂಡಿಯ ಮುಂದೆ ಹೋಯಿತು. ಹೆಣ್ಣಿನ ಕಡೆಯವರ ಸಾಲಿನಲ್ಲಿ ಕೂತಿದ್ದ ಪದ್ಮಾಕ್ಷಿಯನ್ನು ಕಂಡು ಗಂಡಿನ ತಾಯಿ ಕೇಳಿದಳು, “ಈಕಿ ನಿಮಗ ಏನಾಗಬೇಕ್ರಿ?”

ಹುಲಿಗೆವ್ವ ಪದ್ಮಾಕ್ಷಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

“ನಮ್ಮಾಕಿನರೀ. ಸ್ವಲ್ಪ ದೂರದ ಸಂಬಂಧ.”